ಐಪ್ಯಾಡ್ ಮೇಲೆ ಚೀನೀ ಅಕ್ಷರ ತಿದ್ದಿದ್ದು: ನನ್ನ ಅನುಭವ

ಒಂದೇ ಒಂದು ಅಡ್ಡಗೆರೆ ಸರಿಯಾಗಿ ಎಳೆಯೋಕೆ ನನಗೆ ಮೂರು ವಾರ ಹಿಡೀತು. ಚೀನೀ ಭಾಷೇಲಿ ‘ಒಂದು’ ಅನ್ನೋ ಅಕ್ಷರ ಅಂದ್ರೆ ಬರೀ ಒಂದು ಅಡ್ಡಗೆರೆ, ನೋಡಿದ್ರೆ ಇದ್ರಲ್ಲೇನಿದೆ ಅನ್ಸುತ್ತೆ. ಆದ್ರೆ ಬ್ರಷ್ಷಲ್ಲಿ ಬರೆಯೋರು ಮೊದ್ಲು ತುದೀನ ಚೂರು ಎಡಕ್ಕೆ ತಗೊಂಡು ಬಚ್ಚಿಡ್ತಾರೆ, ಆಮೇಲೆ ಒತ್ತಿ ಒಂದು ಕ್ಷಣ ನಿಲ್ತಾರೆ, ಬಲಕ್ಕೆ ಹೋಗ್ತಾ ಕೈ ಹಗುರ ಮಾಡ್ತಾರೆ, ಗೆರೆ ಸ್ವಲ್ಪ ಮೇಲಕ್ಕೆ ಏರುತ್ತೆ, ಕೊನೇಲಿ ಮತ್ತೆ ಒತ್ತಿ ಬಂದ ದಾರೀಲೇ ಚೂರು ವಾಪಸ್ ಬಂದು ಎತ್ತುತ್ತಾರೆ. ಇಷ್ಟೂ ಒಂದೇ ಉಸಿರಲ್ಲಿ ಆಗ್ಬೇಕು.

ನಾನು ಕೆಲಸದ ಮೇಲೆ ತೈವಾನಿನ ಶಿಂಚುಗೆ ಬಂದವಳು. ಇಲ್ಲಿ ಅಂಗಡಿ ಬೋರ್ಡು, ದೇವಸ್ಥಾನದ ಕಂಬ, ಹೊಸ ವರ್ಷಕ್ಕೆ ಬಾಗಿಲಿಗೆ ಅಂಟಿಸೋ ಕೆಂಪು ಕಾಗದ, ಎಲ್ಲಿ ನೋಡಿದ್ರೂ ಬ್ರಷ್ ಅಕ್ಷರ. ಓದೋಕೆ ಬರ್ತಿರ್ಲಿಲ್ಲ, ಆದ್ರೂ ನಿಂತು ನೋಡ್ತಿದ್ದೆ. ಕಲೀಬೇಕು ಅನ್ನಿಸ್ತು, ಆದ್ರೆ ಬಾಡಿಗೆ ರೂಮಲ್ಲಿ ಶಾಯಿ, ಕಾಗದ, ಶಾಯಿಕಲ್ಲು ಹರಡ್ಕೊಂಡು ಕೂರೋ ಜಾಗ ಇಲ್ಲ, ರಾತ್ರಿ ಹತ್ತಕ್ಕೆ ಮನೆಗೆ ಬಂದು ಶಾಯಿ ತೇಯೋ ಶಕ್ತೀನೂ ಇಲ್ಲ. ಚಿತ್ರ ಬಿಡಿಸೋಕೆ ಅಂತ ತಗೊಂಡಿದ್ದ ಐಪ್ಯಾಡು, ಅದರ ಮೇಲೆ ಬರೆಯೋ ಆಪಲ್ ಪೆನ್ಸಿಲ್ಲು, ಪ್ರೊಕ್ರಿಯೇಟ್ ಆಪು ಇತ್ತು, ಅದ್ರಲ್ಲೇ ಶುರು ಮಾಡ್ದೆ.

ಮೊದಲ ಎರಡು ತಿಂಗಳು ವ್ಯರ್ಥ ಆಯ್ತು ಅಂತಾನೇ ಹೇಳ್ಬೇಕು. ಆಪಿಗೆ ಎಲ್ಲಿಂದಲೋ ಒಂದು ‘ಕ್ಯಾಲಿಗ್ರಫಿ ಬ್ರಷ್’ ಇಳಿಸ್ಕೊಂಡಿದ್ದೆ, ಹೇಗೆ ಗೀಚಿದ್ರೂ ಗೆರೆ ಚೆಂದವಾಗೇ ಬರೋದು, ನನಗೋ ಖುಷಿಯೋ ಖುಷಿ. ಆಮೇಲೆ ಶನಿವಾರದ ಒಂದು ಕ್ಲಾಸಿಗೆ ಸೇರ್ಕೊಂಡು ಲಾವ್‌ಶಿಗೆ (ಇಲ್ಲಿ ಮೇಷ್ಟ್ರನ್ನ ಹಾಗೇ ಕರೀತಾರೆ, ನಮ್ಮೋರು ಎಪ್ಪತ್ತು ದಾಟಿದ ಅಜ್ಜಿ) ತೋರಿಸ್ದೆ. ಅವ್ರು ತುಂಬಾ ಹೊತ್ತು ನೋಡಿ, ಗೆರೆ ಚೆನ್ನಾಗಿದೆ ಆದ್ರೆ ಇದು ನಿನ್ನ ಕೈಯಿಂದ ಬಂದಿದ್ದಲ್ಲ ಅಂದ್ರು. ಅವ್ರು ಐಪ್ಯಾಡ್ ಮುಟ್ಟಿದೋರೇ ಅಲ್ಲ, ಆದ್ರೂ ಸರಿಯಾಗಿ ಹಿಡಿದ್ರು. ರೂಮಿಗೆ ಬಂದು ಬ್ರಷ್ಷಿನ ಸೆಟ್ಟಿಂಗ್ಸ್ ತೆಗೆದು ನೋಡಿದ್ರೆ ಸ್ಟ್ರೀಮ್‌ಲೈನ್ ಅನ್ನೋದು ಪೂರ್ತಿ ಮೇಲಿದೆ. ಅಂದ್ರೆ ಕೈ ನಡುಗಿದ್ದು, ನಿಂತಿದ್ದು, ತಿರುಗಿದ್ದು ಎಲ್ಲಾನೂ ಆಪ್ ಸವರಿ ನುಣುಪು ಮಾಡಿ ಕೊಡ್ತಿತ್ತು. ಲೋಗೋ ಮಾಡೋರಿಗೆ ಅದು ಬೇಕು. ಕಲಿಯೋರಿಗೆ ಬೇಡವೇ ಬೇಡ.

ಅವತ್ತೇ ಬದಲಾಯಿಸಿದ್ದು ಇಷ್ಟು. ಸ್ಟ್ರೀಮ್‌ಲೈನು, ಸ್ಟೆಬಿಲೈಸೇಷನ್ನು ಎಲ್ಲಾ ಸೊನ್ನೆ. ಶುರು ಮತ್ತು ಕೊನೇಲಿ ತಾನಾಗೇ ಚೂಪಾಗೋ ಟೇಪರ್ ಸೊನ್ನೆ, ಯಾಕಂದ್ರೆ ಚೂಪು ಮಾಡ್ಬೇಕಾದ್ದು ನನ್ನ ಕೈ. ಒತ್ತಡಕ್ಕೆ ಗೆರೆಯ ದಪ್ಪ ಮಾತ್ರ ಬದಲಾಗ್ಬೇಕು, ಬಣ್ಣ ತಿಳಿಯಾಗಬಾರ್ದು. ಎಷ್ಟು ಒತ್ತಿದ್ರೆ ಎಷ್ಟು ದಪ್ಪ ಅಂತ ತೋರಿಸೋ ಪ್ರೆಷರ್ ಕರ್ವನ್ನ, ಜೋರಾಗಿ ಒತ್ತಿದ್ರೆ ಮಾತ್ರ ಪೂರ್ತಿ ದಪ್ಪ ಬರೋ ಹಾಗೆ ಬಗ್ಗಿಸ್ದೆ. ಗಾಜು ಜಾರುತ್ತೆ ಅಂತ ತರಿತರಿ ಇರೋ ಮ್ಯಾಟ್ ಫಿಲ್ಮ್ ಅಂಟಿಸ್ದೆ, ಅದು ಪೆನ್ಸಿಲ್ ತುದೀನ ಬೇಗ ಸವೆಸುತ್ತೆ, ಆದ್ರೂ ಪರ್ವಾಗಿಲ್ಲ. ಇನ್ನೊಂದು ಮುಖ್ಯವಾದ್ದು, ಬರೆಯೋವಾಗ ಝೂಮ್ ಮಾಡಬಾರ್ದು. ಝೂಮ್ ಮಾಡಿದ್ರೆ ಪ್ರತಿ ಸಲ ಅಕ್ಷರದ ಅಳತೆ ಬೇರೆ, ಕೈಗೆ ಯಾವ ಅಳತೇನೂ ನೆನಪಲ್ಲಿ ಉಳಿಯಲ್ಲ.

ಹಿಡಿಯೋದೂ ಬೇರೆ ಥರ. ಬ್ರಷ್ಷನ್ನ ನೆಟ್ಟಗೆ ಕಂಬದ ಥರ ಹಿಡೀಬೇಕು, ಐದೂ ಬೆರಳಿಗೆ ಕೆಲಸ ಇರುತ್ತೆ, ದೊಡ್ಡ ಅಕ್ಷರಕ್ಕೆ ಮಣಿಕಟ್ಟು ಮೇಜಿಗೆ ತಾಗೋ ಹಾಗಿಲ್ಲ. ನಾನು ಸ್ಕ್ರೀನ್ ಮೇಲೆ ಅಂಗೈ ಊರಿ ಪೆನ್ನಿನ ಹಾಗೆ ಓರೆ ಹಿಡಿದು ಬರೀತಿದ್ದೆ. ಆಪ್ ಅದನ್ನ ತಪ್ಪು ಅಂತ ಹೇಳಲ್ಲ, ಅದೇ ತೊಂದ್ರೆ. ಈಗ ಐಪ್ಯಾಡನ್ನ ಮೇಜಿನ ಮೇಲೆ ಚಪ್ಪಟೆ ಇಟ್ಟು, ಪೆನ್ಸಿಲ್ ನೆಟ್ಟಗೆ ಹಿಡಿದು, ಮೊಣಕೈಯಿಂದ ಬರೀತೀನಿ. ಮೊದಲ ವಾರ ಭುಜ ನೋವು ಬಂತು.

ಆಮೇಲೆ ಅಭ್ಯಾಸ. ನಮ್ಮಲ್ಲಿ ಮಕ್ಕಳಿಗೆ ಮೊದ್ಲು ಅಕ್ಷರ ತಿದ್ದಿಸ್ತಾರೆ, ಆಮೇಲೆ ನೋಡ್ಕೊಂಡು ಕಾಪಿ ಬರೆಸ್ತಾರಲ್ಲ, ಚೀನೀಯರದ್ದೂ ಹಾಗೇ. ತಿದ್ದೋದಕ್ಕೆ ಮೊ ಅಂತಾರೆ, ನೋಡಿ ಬರೆಯೋದಕ್ಕೆ ಲಿನ್ ಅಂತಾರೆ. ತಿದ್ದೋಕೆ ಅಂತೂ ಟ್ಯಾಬ್ಲೆಟ್ಟಿಗಿಂತ ಒಳ್ಳೇ ಸಾಧನ ನಾನು ನೋಡಿಲ್ಲ. ಲಾವ್‌ಶಿ ಕೊಟ್ಟಿದ್ದು ಟಾಂಗ್ ರಾಜವಂಶದ ಕಾಲದ ಹೆಸರಾಂತ ಬ್ರಷ್ ಬರಹಗಾರ ಯಾನ್ ಝೆನ್‌ಚಿಂಗ್ 752ರಲ್ಲಿ ಬರೆದ ಡುವೊಬಾವ್ ಪಗೋಡ ಶಾಸನ, ಆ ಕಲ್ಲು ಈಗ ಚೀನಾದ ಶಿಆನ್ ಊರಿನ ಶಿಲಾಶಾಸನಗಳ ಮ್ಯೂಸಿಯಂನಲ್ಲಿದೆ, ಹೊಸಬರಿಗೆ ಸಾಮಾನ್ಯವಾಗಿ ಇದನ್ನೇ ಕೊಡ್ತಾರೆ. ಕಲ್ಲಿನಿಂದ ತೆಗೆದ ಪಡಿಯಚ್ಚಲ್ಲಿ ಕಪ್ಪು ಹಿನ್ನೆಲೆ ಮೇಲೆ ಬಿಳಿ ಅಕ್ಷರ ಇರುತ್ತೆ. ಅದನ್ನ ಒಂದು ಲೇಯರಲ್ಲಿ (ಒಂದರ ಮೇಲೊಂದು ಇಡೋ ಪಾರದರ್ಶಕ ಹಾಳೆ ಥರ) ಹಾಕಿ, ಮೇಲೆ ಪೂರ್ತಿ ಬಿಳಿ ಲೇಯರ್ ಇಟ್ಟು ಬ್ಲೆಂಡ್ ಮೋಡಲ್ಲಿ (ಎರಡು ಲೇಯರ್ ಹೇಗೆ ಬೆರೀಬೇಕು ಅನ್ನೋ ಆಯ್ಕೆ) ಡಿಫರೆನ್ಸ್ ಆರಿಸಿದ್ರೆ ಬಿಳಿ ಮೇಲೆ ಕಪ್ಪು ಅಕ್ಷರ ಆಗುತ್ತೆ. ಎರಡನ್ನೂ ಸೇರಿಸಿ ಒಪಾಸಿಟಿ 20ಕ್ಕೆ ಇಳಿಸಿ ಮಸುಕು ಮಾಡ್ತೀನಿ, ಮೇಲಿನ ಹೊಸ ಲೇಯರಲ್ಲಿ ತಿದ್ತೀನಿ.

ಅಕ್ಷರದ ಅಳತೆಗೆ ಚೌಕ ಹಾಕ್ತಾರೆ, ಚೌಕದೊಳಗೆ ಉದ್ದ, ಅಡ್ಡ, ಎರಡು ಓರೆ ಗೆರೆ. ಚೀನೀಲಿ ಅಕ್ಕಿ ಅನ್ನೋದಕ್ಕಿರೋ ಮೀ ಅಕ್ಷರದ ಥರ ಕಾಣುತ್ತೆ ಅಂತ ಅದಕ್ಕೆ ಅಕ್ಕಿ ಅಕ್ಷರದ ಚೌಕ ಅಂತ ಹೆಸರು. ತಟ್ಟೇಲಿ ಅಕ್ಕಿ ಹರಡಿ ನನ್ನ ಬೆರಳು ಹಿಡಿದು ಓಂ ಬರೆಸಿದ ನಮ್ಮಜ್ಜಿ ಆವತ್ತು ತುಂಬಾ ನೆನಪಾದ್ರು.

ತಿದ್ದಿದ್ದಾದ ಮೇಲೆ ಕೆಳಗಿನ ಲೇಯರ್ ಮುಚ್ಚಿ, ಪಕ್ಕದಲ್ಲಿ ಮೂಲದ ಚಿತ್ರ ಇಟ್ಕೊಂಡು ನೋಡಿ ಬರೀತೀನಿ, ಬರೆದು ಮುಗಿದ ಮೇಲೆ ಲೇಯರ್ ತೆರೀತೀನಿ. ಆಗ ಗೊತ್ತಾಗುತ್ತೆ ಎಷ್ಟು ತಪ್ಪಿದೀನಿ ಅಂತ. ನನ್ನ ಅಕ್ಷರದ ಮಧ್ಯಭಾಗ ಯಾವಾಗ್ಲೂ ಕೆಳಗೆ ಜಾರಿರ್ತಿತ್ತು, ಅಡ್ಡಗೆರೆ ಏರಬೇಕಾದ ಕಡೆ ಮಟ್ಟಸ ಇರ್ತಿತ್ತು. ಮೂಲೆ ಬರ್ಬೇಕಾದಲ್ಲಿ ಸುತ್ತು ಬರೋದು, ಕನ್ನಡ ಬರೆದು ಪಳಗಿದ ಕೈ ಅಲ್ವಾ, ನಮ್ಮ ಅಕ್ಷರ ಎಲ್ಲಾ ಗುಂಡಗೆ ಸುತ್ತಿಕೊಂಡು ಹೋಗುತ್ತೆ, ಇಲ್ಲಿ ಪ್ರತಿ ತಿರುವಲ್ಲೂ ನಿಂತು, ಒತ್ತಿ, ದಿಕ್ಕು ಬದಲಾಯಿಸಿ ಮುಂದೆ ಹೋಗ್ಬೇಕು. ಯೋಂಗ್ ಅಂತ ಒಂದು ಅಕ್ಷರ, ಶಾಶ್ವತ ಅಂತ ಅರ್ಥ, ಮೂಲ ಎಂಟು ಗೆರೆಗಳೂ ಅದ್ರಲ್ಲಿವೆ ಅಂತ ಎಲ್ಲರೂ ಅದನ್ನೇ ಅಭ್ಯಾಸ ಮಾಡ್ತಾರೆ. 353ರಲ್ಲಿ ಬ್ರಷ್ ಬರಹದ ಮಹಾಗುರು ವಾಂಗ್ ಶೀಝಿ ಒಂದು ಕವನ ಸಂಗ್ರಹಕ್ಕೆ ಬರೆದ ಹೆಸರಾಂತ ಲಾನ್‌ಟಿಂಗ್ ಮುನ್ನುಡಿಯ ಮೊದಲ ಅಕ್ಷರವೂ ಅದೇ. ಅದೊಂದನ್ನೇ ಒಂದು ತಿಂಗಳು ಬರೆದೆ.

ಅಂಡೂ ಬಗ್ಗೆ ಹೇಳ್ಲೇಬೇಕು. ಎರಡು ಬೆರಳು ತಟ್ಟಿದ್ರೆ ಗೆರೆ ಮಾಯ. ನಾನು ಒಂದು ಗೆರೆ ಹದಿನೈದು ಸಲ ಎಳೆದು, ಅಳಿಸಿ, ಹದಿನಾರನೇದನ್ನ ಇಟ್ಕೊಳ್ತಿದ್ದೆ. ಅಕ್ಷರ ಚೆನ್ನಾಗಿ ಕಾಣ್ತಿತ್ತು, ಆದ್ರೆ ಒಂದು ಗೆರೆಗೂ ಇನ್ನೊಂದಕ್ಕೂ ಸಂಬಂಧಾನೇ ಇರ್ತಿರ್ಲಿಲ್ಲ. ಇದು ಬಿಟ್ಟಿದ್ದು ಯಾನ್ ಝೆನ್‌ಚಿಂಗ್‌ನ ಇನ್ನೊಂದು ಬರಹ ನೋಡಿದ ಮೇಲೆ. ಟಾಂಗ್ ದೊರೆ ವಿರುದ್ಧ ಸೇನಾಪತಿ ಆನ್ ಲುಶಾನ್ ಎದ್ದ ದಂಗೆಯಲ್ಲಿ ಅವನ ದಾಯಾದಿ ಅಣ್ಣನ ಮಗ ಸತ್ತ, 758ರಲ್ಲಿ ಅವನಿಗಾಗಿ ಬರೆದ ಶೋಕಪತ್ರದ ಕರಡು ಅದು, ತೈಪೆಯ ನ್ಯಾಷನಲ್ ಪ್ಯಾಲೇಸ್ ಮ್ಯೂಸಿಯಂನಲ್ಲಿದೆ, ನಾನು ನೋಡಿದ್ದು ಅದರ ದೊಡ್ಡ ಸ್ಕ್ಯಾನು. ಶಾಸನದಲ್ಲಿ ಅಷ್ಟು ಗಂಭೀರವಾಗಿ ಬರೆದ ಅದೇ ಕೈ ಇಲ್ಲಿ ಪದಗಳನ್ನ ಹೊಡೆದು ಹಾಕಿದೆ, ಪಕ್ಕದಲ್ಲಿ ಮತ್ತೆ ಬರೆದಿದೆ, ಶಾಯಿ ಒಣಗಿ ಗೆರೆ ಬಿಳಿಬಿಳಿ ಆದ್ರೂ ಅದ್ದೋಕೆ ನಿಲ್ಲದೆ ಮುಂದೆ ಹೋಗಿದೆ. ಎಲ್ಲಿ ಅದ್ದಿದಾನೆ, ಎಲ್ಲಿ ಬತ್ತಿದೆ ಅಂತ ಕಣ್ಣಲ್ಲೇ ಹಿಂಬಾಲಿಸಬಹುದು. ನನಗೆ ಅಳು ಬಂತು. ಆವತ್ತಿಂದ ಅಭ್ಯಾಸದಲ್ಲಿ ಅಂಡೂ ಇಲ್ಲ. ಗೆರೆ ಕೆಟ್ಟರೆ ಮುಂದಿನ ಗೆರೇಲಿ ಸರಿದೂಗಿಸ್ತೀನಿ, ಇಲ್ಲಾಂದ್ರೆ ಹೊಸ ಚೌಕ.

ಆರು ತಿಂಗಳಾದ ಮೇಲೆ ಲಾವ್‌ಶಿ ಕೈಗೆ ನಿಜವಾದ ಬ್ರಷ್ ಕೊಟ್ರು. ಅಕ್ಷರದ ಕಟ್ಟು ಸರಿಯಾಗೇ ಬಂತು, ಯಾವ ಗೆರೆ ಮೊದ್ಲು, ಎಷ್ಟು ಜಾಗ ಬಿಡ್ಬೇಕು, ಎಲ್ಲಾ ಕೈಗೆ ಗೊತ್ತಿತ್ತು. ಆದ್ರೆ ಗೆರೆಗಳು ಹೆಣದ ಹಾಗಿದ್ವು. ಪೆನ್ಸಿಲ್ಲಿನ ತುದಿ ಗಟ್ಟಿ, ಒತ್ತಿದ್ರೂ ಅದು ಬಗ್ಗಲ್ಲ, ಬರೀ ಒಂದು ಅಂಕಿ ಕಳಿಸುತ್ತೆ ಅಷ್ಟೇ. ಬ್ರಷ್ಷಿನ ಕೂದಲು ಬಗ್ಗುತ್ತೆ, ಒಂದು ಕಡೆ ವಾಲುತ್ತೆ, ತಿರುವಲ್ಲಿ ಎತ್ತಿ ಅದನ್ನ ಮತ್ತೆ ನೆಟ್ಟಗೆ ಮಾಡ್ಕೋಬೇಕು, ಇಲ್ದಿದ್ರೆ ತುದಿ ಸೀಳಿ ಎರಡಾಗುತ್ತೆ. ನಿಂತ್ರೆ ಶಾಯಿ ಕಾಗದಕ್ಕೆ ಹರಡುತ್ತೆ. ಇದ್ಯಾವುದನ್ನೂ ಸ್ಕ್ರೀನ್ ನನಗೆ ಕಲಿಸಿರ್ಲಿಲ್ಲ, ಕಲಿಸೋಕೆ ಅದಕ್ಕೆ ಆಗೋದೂ ಇಲ್ಲ.

ಅದಕ್ಕೇ ಈಗ ವಾರದ ದಿನ ರಾತ್ರಿ ಅರ್ಧ ಗಂಟೆ ಐಪ್ಯಾಡು, ಕಟ್ಟು ಮತ್ತು ಅಳತೆಗೆ. ಭಾನುವಾರ ಬೆಳಗ್ಗೆ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಬ್ರಷ್ಷು, ಒತ್ತಿ ಎತ್ತೋದಕ್ಕೆ. ಕ್ಲಾಸಿಗೆ ಹೋಗೋ ಮೊದ್ಲು ಒಂದು ಅಕ್ಷರ ಬರೆಯೋದನ್ನ ಸ್ಕ್ರೀನ್ ರೆಕಾರ್ಡ್ ಮಾಡಿ ಲಾವ್‌ಶಿಗೆ ತೋರಿಸ್ತೀನಿ. ಆಪಿನದೇ ಟೈಮ್‌ಲ್ಯಾಪ್ಸ್ ವಿಡಿಯೋ ಎಲ್ಲಾನೂ ವೇಗವಾಗಿ ಓಡಿಸಿಬಿಡುತ್ತೆ, ರೆಕಾರ್ಡಲ್ಲಾದ್ರೆ ನಾನು ಎಲ್ಲಿ ಅವಸರ ಮಾಡ್ದೆ, ಎಲ್ಲಿ ಹೆದರಿ ನಿಂತೆ ಅಂತ ಅವ್ರಿಗೆ ಗೊತ್ತಾಗುತ್ತೆ. ಕಾಗದದಲ್ಲಿ ಮುಗಿದ ಅಕ್ಷರ ಮಾತ್ರ ಕಾಣುತ್ತೆ, ಇದ್ರಲ್ಲಿ ಕೈಯೇ ಕಾಣುತ್ತೆ ಅಂತ ಅವ್ರಿಗೂ ಈಗ ಇಷ್ಟ ಆಗಿದೆ.

ಈ ವಾರ ಒದ್ದಾಡ್ತಿರೋದು ಬಲಕ್ಕೆ ಇಳಿಯೋ ಗೆರೆ ಜೊತೆ. ತೆಳ್ಳಗೆ ಶುರುವಾಗಿ, ಇಳೀತಾ ದಪ್ಪ ಆಗಿ, ಪಾದದ ಹತ್ರ ಪೂರ್ತಿ ಒತ್ತಿ ನಿಂತು, ಅಲ್ಲಿಂದ ಮೆಲ್ಲಗೆ ಎತ್ತುತ್ತಾ ಬಲಕ್ಕೆ ಹೊರಗೆ ತಗೋಬೇಕು. ಮನುಷ್ಯ ಅನ್ನೋ ಅಕ್ಷರದಲ್ಲಿ ಇರೋದು ಬರೀ ಎರಡು ಗೆರೆ, ಎರಡನೇದು ಇದೇ. ನಲವತ್ತು ಬರ್ಕೊಂಡು ಬಾ ಅಂದಿದ್ದಾರೆ, ಇಲ್ಲಿಗೆ ಹನ್ನೊಂದಾಗಿದೆ.