ಹೈಡ್ರೋಜೆಲ್ ಹೊಲಕ್ಕೆ ಒಯ್ಯುವ ಮುಂಚೆ ಅಡುಗೆಮನೆಯಲ್ಲಿ ಐದು ಗ್ರಾಂ

ಹೈಡ್ರೋಜೆಲ್ ಅಂದರೆ ನೀರು ಹೀರಿ ಉಬ್ಬಿ, ಅದನ್ನು ಬೇರಿನ ಹತ್ತಿರ ಹಿಡಿದಿಡುವ ಹರಳು. ಅದರ ಪಾಕೀಟು ತಂದ ದಿನವೇ ಹೊಲಕ್ಕೆ ಒಯ್ಯಬೇಡಿ. ಮೊದಲು ಅಡುಗೆಮನೆಗೆ ಒಯ್ಯಿರಿ. ಇದು ನನಗೆ ಗೊತ್ತಾದದ್ದು ಹನ್ನೊಂದು ಲಿಂಬೆ ಸಸಿ ಕಳೆದುಕೊಂಡ ಮೇಲೆ.

ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು. ನಾನು ಬಿಎಸ್ಸಿ ಓದಿ, ಕೆಮಿಸ್ಟ್ರಿ ಪುಸ್ತಕ ಟ್ರಂಕಿನಲ್ಲಿಟ್ಟುಕೊಂಡು ಈ ಮನೆಗೆ ಸೊಸೆಯಾಗಿ ಬಂದವಳು. ಮಾವನವರು ಇಪ್ಪತ್ತೈದು ವರ್ಷದಿಂದ ಲಿಂಬೆ ಬೆಳೆಯುತ್ತಿದ್ದಾರೆ. ನಾಲ್ಕು ಎಕರೆಯಲ್ಲಿ ಅರ್ಧ ಎರಿ ಹೊಲ, ಅಂದರೆ ಕಪ್ಪು ಮಣ್ಣು; ಅರ್ಧ ಮಡ್ಡಿ, ಅಂದರೆ ಗರಸು ನೆಲ. ಇಂಡಿ ಲಿಂಬೆಗೆ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತು, ಬಂದದ್ದು 2023ರಲ್ಲಿ. ಅದೇ ವರ್ಷ ಬರ ಬಿತ್ತು, ನಮ್ಮ ಬೋರು ದಿನಕ್ಕೆ ಒಂದು ತಾಸಿಗೆ ಇಳಿಯಿತು. ಮಡ್ಡಿಯಲ್ಲಿ ಹೊಸದಾಗಿ ಸಸಿ ಹಚ್ಚಬೇಕಿತ್ತು. ಆಗ ಅಂಗಡಿಯವರೊಬ್ಬರು ಈ ಬಿಳಿ ಹರಳು ತೋರಿಸಿದರು. ಗಾಜಿನ ಲೋಟದಲ್ಲಿ ಚಿಟಿಕೆ ಹಾಕಿ ಕುಡಿಯುವ ನೀರು ಸುರಿದರು. ನೋಡನೋಡುತ್ತಲೇ ಲೋಟ ತುಂಬಿತು. “ಗಿಡಕ್ಕೆ ನೂರು ಗ್ರಾಂ ಹಾಕಿಬಿಡ್ರಿ ಅಕ್ಕಾರ, ಚಿಂತಿ ಬಿಡ್ರಿ” ಅಂದರು. ಕಿಲೋಗೆ ಸಾವಿರದ ಮೇಲೆ ಕೊಟ್ಟು ಮೂರು ಕಿಲೋ ತಂದೆ.

ಮೂವತ್ತು ಗುಂಡಿಯ ತಳಕ್ಕೆ ನೂರು ನೂರು ಗ್ರಾಂ ಸುರಿದು, ಮೇಲೆ ಸಸಿ ಇಟ್ಟು ಮುಚ್ಚಿದೆವು. ಬೋರಿನ ನೀರು ಬಿಟ್ಟಾಗ ಏನೂ ಆಗಲಿಲ್ಲ. ಹತ್ತು ದಿನಕ್ಕೆ ಜೋರು ಮಳೆ ಬಂತು. ಬೆಳಿಗ್ಗೆ ಹೋಗಿ ನೋಡಿದರೆ ಸಸಿಗಳು ಗೇಣುದ್ದ ಮೇಲೆದ್ದು ವಾಲಿವೆ, ಬುಡದಲ್ಲಿ ನೆಲ ಬಿರಿದು ಲೋಳೆ ಲೋಳೆ ಉಂಡೆ ಹೊರಬಂದಿವೆ. ಮಾವನವರು ಒಂದು ಉಂಡೆ ಎತ್ತಿಕೊಂಡು, “ಏನವಾ ಇದು, ಹೊಲದಾಗ ಸಾಬೂದಾಣಿ ಕುದಿಸಿ ಇಟ್ಟೀಯೇನು?” ಅಂದರು. ನಗೆ ಬಂತು, ಅಳೂನೂ ಬಂತು. ಆ ಲೋಳೆಯೊಳಗೆ ಸಿಕ್ಕ ಬೇರಿಗೆ ಗಾಳಿ ಇಲ್ಲ. ತಿಂಗಳೊಳಗೆ ಹನ್ನೊಂದು ಸಸಿ ಎಲೆ ಹಳದಿಯಾಗಿ ಸತ್ತವು.

ಬೋರಿನ ನೀರಿಗೆ ಸುಮ್ನೆ ಕೂತ ಹರಳು ಮಳೆ ನೀರಿಗೆ ಯಾಕೆ ಹಾಗೆ ಹುಚ್ಚೆದ್ದಿತು? ಟ್ರಂಕು ತೆಗೆಯಬೇಕಾಯಿತು.

ಬಾಣಂತಿಗೆ ಅಳ್ವಿ ಪಾಯಸ ಮಾಡಿದವರಿಗೆ ಇದು ಹೊಸದಲ್ಲ. ಅಳ್ವಿ ಬೀಜ ನೆನೆ ಹಾಕಿದರೆ ಸುತ್ತಲೂ ಲೋಳೆ ಕಟ್ಟುತ್ತದಲ್ವಾ, ಅದೂ ಒಂದು ಹೈಡ್ರೋಜೆಲ್ಲೇ. ಅಂಗಡಿಯ ಹರಳಿನೊಳಗೆ ಉದ್ದುದ್ದ ಪಾಲಿಮರ್ ಎಳೆಗಳಿವೆ. ಶಾವಿಗೆಯ ಮುದ್ದೆಯಲ್ಲಿ ಅಲ್ಲಲ್ಲಿ ಗಂಟು ಹಾಕಿದ ಹಾಗೆ. ಗಂಟು ಇರುವುದರಿಂದ ಅದು ಕರಗುವುದಿಲ್ಲ. ಎಳೆಯ ಉದ್ದಕ್ಕೂ ಋಣ ವಿದ್ಯುತ್ ಇರುವ ಗುಂಪುಗಳು, ಅವುಗಳ ಜೊತೆಗೆ ಪೊಟ್ಯಾಸಿಯಂ ಅಥವಾ ಸೋಡಿಯಂ ಅಯಾನುಗಳು, ಅಂದರೆ ವಿದ್ಯುತ್ ಹೊತ್ತ ಕಣಗಳು. ಅಂದರೆ ಒಳಗೆ ಉಪ್ಪು ಜಾಸ್ತಿ, ಹೊರಗೆ ಕಡಿಮೆ. ಆ ವ್ಯತ್ಯಾಸಕ್ಕೆ ನೀರು ಒಳಗೆ ನುಗ್ಗುತ್ತದೆ, ಎಳೆಗಳು ಒಂದನ್ನೊಂದು ದೂಡುತ್ತವೆ, ಗಂಟು ಬಿಗಿಯುವ ತನಕ ಹರಳು ಉಬ್ಬುತ್ತದೆ. ಹೊರಗಿನ ನೀರಿನಲ್ಲೇ ಉಪ್ಪಿದ್ದರೆ ವ್ಯತ್ಯಾಸ ಕಡಿಮೆ, ಉಬ್ಬುವುದೂ ಕಡಿಮೆ. ಗಡಸು ನೀರಿನ ಕ್ಯಾಲ್ಸಿಯಂ ಇನ್ನೂ ಕೆಟ್ಟದ್ದು. ಒಂದು ಕ್ಯಾಲ್ಸಿಯಂ ಎರಡು ಎಳೆಗಳನ್ನು ಹಿಡಿದು ಹೊಸ ಗಂಟು ಹಾಕುತ್ತದೆ. ನಮ್ಮ ಬೋರಿನ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಮಳೆ ನೀರಿನಲ್ಲಿ ಅದೇನೂ ಇರುವುದಿಲ್ಲ.

ಈಗ ಪರೀಕ್ಷೆಗೆ ಬನ್ನಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಂದು ಗ್ರಾಂ ಅದರಲ್ಲಿ ಸರಿಯಾಗಿ ತೂಗುವುದಿಲ್ಲ, ಅದಕ್ಕೇ ಐದು ಗ್ರಾಂ ತಗೊಳ್ಳಿ. ಎರಡು ಪಾತ್ರೆ ಇಡಿ. ಒಂದರಲ್ಲಿ ಎರಡು ಲೀಟರ್ ಉಪ್ಪು ತೆಗೆದ ಆರ್‌ಒ ಫಿಲ್ಟರ್ ನೀರು, ಇನ್ನೊಂದರಲ್ಲಿ ಎರಡು ಲೀಟರ್ ಬೋರಿನ ನೀರು. ನೀವು ಗಿಡಕ್ಕೆ ಬಿಡುವುದು ಕೆನಾಲ್ ನೀರಾದರೆ ಅದನ್ನೇ ತಗೊಳ್ಳಿ. ಎರಡಕ್ಕೂ ಐದೈದು ಗ್ರಾಂ ಹರಳು ಹಾಕಿ ಕಲಕಿ, ಎರಡು ತಾಸು ಬಿಡಿ. ಆಮೇಲೆ ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಸೋಸಿ, ಕಾಲು ತಾಸು ನೇತು ಹಾಕಿ. ಹಿಂಡಬೇಡಿ. ತೊಟ್ಟಿಕ್ಕುವುದು ನಿಂತ ಮೇಲೆ ತೂಗಿ, ಐದರಿಂದ ಭಾಗಿಸಿ.

ನನಗೆ ಫಿಲ್ಟರ್ ನೀರಿನಲ್ಲಿ ಸಿಕ್ಕಿದ್ದು 1,040 ಗ್ರಾಂ, ಅಂದರೆ 208 ಪಟ್ಟು. ಬೋರಿನ ನೀರಿನಲ್ಲಿ ಬರೀ 390 ಗ್ರಾಂ, 78 ಪಟ್ಟು. ಮಳೆ ಬಂದ ದಿನ ಹಂಚಿನಿಂದ ಹಿಡಿದ ನೀರಿನಲ್ಲೂ ನೋಡಿದೆ, 230 ಪಟ್ಟು. ನನ್ನ ನೂರು ಗ್ರಾಂ ಮಳೆಯಲ್ಲಿ ಇಪ್ಪತ್ತು ಲೀಟರ್ ಆಗಲು ಹೊರಟಿತ್ತು! ಸಸಿ ಮೇಲೇಳದೆ ಏನು ಮಾಡೀತು? ಬೋರಿನ ನೀರಿಗೆ ಒಂದು ಚಮಚ ಕ್ಯಾಲ್ಸಿಯಂ ನೈಟ್ರೇಟ್ ಹಾಕಿ ನೋಡಿದಾಗ 20 ಪಟ್ಟಿಗೆ ಇಳಿಯಿತು. ಡ್ರಿಪ್ಪಿನಲ್ಲಿ ಆ ಗೊಬ್ಬರ ಬಿಡುವವರು ಇದನ್ನು ಗಮನದಲ್ಲಿಡಿ.

ಇನ್ನೊಂದು ಸುತ್ತೂ ಮಾಡಿ. ಬೋರಿನ ನೀರಿನಲ್ಲಿ ಉಬ್ಬಿದ್ದನ್ನು ತಟ್ಟೆಯಲ್ಲಿ ಹರಡಿ ನೆರಳಲ್ಲಿ ಒಣಗಿಸಿ, ಮತ್ತೆ ಅದೇ ನೀರಿಗೆ ಹಾಕಿ. ನನಗೆ ಎರಡನೇ ಸಲ ಸಿಕ್ಕಿದ್ದು 310 ಗ್ರಾಂ. ಪ್ರತಿ ಸಲ ಒಂದಿಷ್ಟು ಕ್ಯಾಲ್ಸಿಯಂ ಒಳಗೇ ಉಳಿಯುತ್ತದೆ. ಪಾಕೀಟಿನ ಮೇಲೆ ಬರೆದ ಪಟ್ಟು ಏನಿದ್ದರೂ ಶುದ್ಧ ನೀರಿನದು. ನಿಮ್ಮ ನೀರಿನಲ್ಲಿ ಐವತ್ತು ಪಟ್ಟಿಗಿಂತ ಕಡಿಮೆ ಬಂದರೆ, ನನ್ನನ್ನು ಕೇಳಿದರೆ, ಆ ದುಡ್ಡಿಗೆ ಕೊಟ್ಟಿಗೆ ಗೊಬ್ಬರ ತರುವುದೇ ಮೇಲು.

ಕೊಳ್ಳುವಾಗ ಪಾಕೀಟಿನ ಮೇಲೆ ಪೊಟ್ಯಾಸಿಯಂ ಅಥವಾ ಸೆಲ್ಯುಲೋಸ್ (ಗಿಡದ ನಾರು) ಅಂತ ಇದೆಯಾ ನೋಡಿ. ಪಕ್ಕದ ತೋಟದ ಹುಡುಗನೊಬ್ಬ ಮಕ್ಕಳ ಡೈಪರ್ ಹರಿದು ಹರಳು ತೆಗೆಯುತ್ತಿದ್ದ, ಪುಕ್ಕಟೆ ಅಂತ. ಅದು ಸೋಡಿಯಂ ಪಾಲಿಅಕ್ರಿಲೇಟ್. ಎರಿ ಮಣ್ಣಿಗೆ ಸೋಡಿಯಂ ಸೇರಿದರೆ ಮಣ್ಣು ಬಿಗಿದು ನೀರು ಇಳಿಯುವುದಿಲ್ಲ, ಸವಳು ಬಿದ್ದ ಹೊಲ ನೋಡಿದವರಿಗೆ ಇದನ್ನು ಹೇಳಬೇಕಿಲ್ಲ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಪೂಸಾ ಹೈಡ್ರೋಜೆಲ್ ಸೆಲ್ಯುಲೋಸ್ ಆಧಾರದ್ದು. ಅದಕ್ಕೆ ಶಿಫಾರಸು ಹೆಕ್ಟೇರಿಗೆ 2.5ರಿಂದ 5 ಕಿಲೋ. ಎಕರೆಗೆ ಒಂದರಿಂದ ಎರಡು ಕಿಲೋ ಆಯಿತು. ಮೂವತ್ತು ಗಿಡಕ್ಕೆ ಮೂರು ಕಿಲೋ ಸುರಿದ ನನ್ನ ಜಾಣತನ ಈಗ ನಿಮಗೇ ಗೊತ್ತಾಗಿರಬೇಕು.

ಮರುವರ್ಷ ಮಾಡಿದ ರೀತಿ ಹೇಳುತ್ತೇನೆ. 20 ಅಡಿಗೆ ಒಂದರಂತೆ ಹಚ್ಚಿದರೆ ಎಕರೆಗೆ ಸುಮಾರು 109 ಲಿಂಬೆ ಗಿಡ. ಗಿಡಕ್ಕೆ 20 ಗ್ರಾಂ ಅಂದರೆ ಎರಡು ಕಿಲೋ ಚಿಲ್ಲರೆ. ಟೀ ಚಮಚದಲ್ಲಿ ಸಮ ಮಾಡಿ ತೆಗೆದರೆ ನಮ್ಮ ಹರಳು ನಾಲ್ಕು ಗ್ರಾಂ ಬರುತ್ತಿತ್ತು, ಹಾಗಾಗಿ ಐದು ಚಮಚ. ಎರಡಡಿ ಗುಂಡಿ ತೆಗೆದು, ತಳಕ್ಕೆ ಯಾವಾಗಿನಂತೆ ಮಣ್ಣು, ತಿಪ್ಪೆ ಗೊಬ್ಬರ, ಬೇವಿನ ಹಿಂಡಿ. ಅಲ್ಲಿಗೆ ಹರಳು ಬೇಡ. ಸಸಿಯ ಬೇರು ಕೂರುವ ನಡುವಿನ ಮಣ್ಣಿಗೆ ಮಾತ್ರ ಹಾಕಬೇಕು. ಎರಡು ಬುಟ್ಟಿ ಒಣ ಮಣ್ಣನ್ನು ತಾಡಪತ್ರಿಯ ಮೇಲೆ ಹರಡಿ. ಐದು ಚಮಚ ಹರಳನ್ನು ಮೊದಲು ಎರಡು ಬೊಗಸೆ ಒಣ ಮರಳಿನಲ್ಲಿ ಕಲಸಿ, ಆಮೇಲೆ ಆ ಮಣ್ಣಿಗೆ ಉದುರಿಸಿ ಚೆನ್ನಾಗಿ ತಿರುವಿ ಹಾಕಿ. ನೇರ ಹಾಕಿದರೆ ಒಂದು ಕಡೆ ಗುಂಪು ಬೀಳುತ್ತದೆ, ಗುಂಪು ಬಿದ್ದಲ್ಲಿ ಮತ್ತೆ ಲೋಳೆ ಗಡ್ಡೆ. ಕೈ ಒಣಗಿರಲಿ. ಹಸಿ ಕೈಗೆ ಹರಳು ಅಂಟಿದರೆ ಅರ್ಧ ದಿನ ಬಿಡುವುದಿಲ್ಲ. ಗಾಳಿ ಇದ್ದರೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಧೂಳು ಒಳಗೆ ಹೋಗಬಾರದು.

ಈ ಮಣ್ಣನ್ನು ಬೇರಿನ ಕೆಳಗೂ ಸುತ್ತಲೂ ತುಂಬಿ, ಮೇಲೆ ಅರ್ಧ ಅಡಿ ಬರೀ ಮಣ್ಣು ಹಾಕಿ. ಬಿಸಿಲು ತಾಗಿದರೆ ಪಾಲಿಮರ್ ಎಳೆ ಬೇಗ ತುಂಡಾಗುತ್ತದೆ, ಮೇಲ್ಮಣ್ಣಿನಲ್ಲಿದ್ದರೆ ದುಡ್ಡು ದಂಡ. ಗಟ್ಟಿಯಾಗಿ ತುಳಿಯಬೇಡಿ. ಉಬ್ಬಲು ಜಾಗ ಬೇಕು. ಸಸಿಯನ್ನು ಎರಡು ಬೆರಳು ತಗ್ಗಿನಲ್ಲೇ ಕೂರಿಸಿ, ಮಳೆ ಬಂದ ಮೇಲೆ ನೆಲ ಸ್ವಲ್ಪ ಏಳುತ್ತದೆ. ಯೂರಿಯಾ, ಡಿಎಪಿ ಅದೇ ಮಣ್ಣಿನಲ್ಲಿ ಕಲಸಬೇಡಿ. ಡ್ರಿಪ್ಪಿನ ಹನಿ ಆ ಮಣ್ಣಿನ ಮೇಲೇ ಬೀಳಬೇಕು. ಒಂದಡಿ ಆಚೆ ಬಿದ್ದರೆ ಹರಳಿಗೆ ನೀರೇ ಮುಟ್ಟುವುದಿಲ್ಲ.

ಲೆಕ್ಕ ಪ್ರಾಮಾಣಿಕವಾಗಿ ಹೇಳಬೇಕು. 20 ಗ್ರಾಂ, 78 ಪಟ್ಟು ಅಂದರೆ ಒಂದೂವರೆ ಲೀಟರ್. ಮಣ್ಣಿನ ಭಾರದಡಿ ಅಷ್ಟೂ ಉಬ್ಬುವುದಿಲ್ಲ, ಒಂದು ಲೀಟರ್ ಅಂತ ಇಟ್ಟುಕೊಳ್ಳಿ. ಇದು ಕೊಡ, ಬಾವಿಯಲ್ಲ. ನೀರು ಬಿಡದಿದ್ದರೆ ಇದೂ ಖಾಲಿ. ಆದರೂ ಮಡ್ಡಿಯಲ್ಲಿ ಆ ಒಂದು ಲೀಟರ್ ಕೆಲಸಕ್ಕೆ ಬಂತು. ಗರಸು ನೆಲದಲ್ಲಿ ಬಿಟ್ಟ ನೀರು ಸರ್ರನೆ ಇಳಿದು ಹೋಗುತ್ತದೆ, ಅದನ್ನು ಬೇರಿನ ಹತ್ತಿರ ಹಿಡಿದಿಡುವುದು ಇದರ ಕೆಲಸ. ಏಪ್ರಿಲ್ ಬಿಸಿಲಿನಲ್ಲಿ ಮೂರು ದಿನಕ್ಕೊಮ್ಮೆ ಬಿಡುತ್ತಿದ್ದ ನೀರನ್ನು ಐದು ದಿನಕ್ಕೆ ತಂದೆವು, ಸಸಿ ಬಾಡಲಿಲ್ಲ. ಎರಿ ಹೊಲದಲ್ಲಿ ಹಾಕಿದ ಹತ್ತು ಗಿಡಕ್ಕೂ ಹಾಕದ ಹತ್ತು ಗಿಡಕ್ಕೂ ನನಗೆ ಫರಕು ಕಾಣಲಿಲ್ಲ. ಎರಿ ಮಣ್ಣಿನ ಜೇಡಿಯೇ ನೀರು ಕುಡಿದು ಉಬ್ಬುವಂಥದ್ದು, ಅದಕ್ಕೆ ಇನ್ನೊಂದು ಕೊಡ ಯಾಕೆ?

ಯಾವಾಗ ನೀರು ಬಿಡಬೇಕು ಅಂತ ತಿಳಿಯಲು ಮಾವನವರೇ ಒಂದು ಉಪಾಯ ಕಂಡುಕೊಂಡರು. ಕುರ್ಪಿಯಿಂದ ಬುಡದ ಪಕ್ಕ ಮುಕ್ಕಾಲು ಅಡಿ ಕೆದರಿ, ಒಂದು ಹರಳು ತೆಗೆದು ಹೆಬ್ಬೆರಳು ತೋರುಬೆರಳಲ್ಲಿ ಒತ್ತುತ್ತಾರೆ. ಬೆಂದ ಸಾಬೂದಾಣಿ ಹಾಗೆ ಜಾರಿದರೆ ಇವತ್ತು ನೀರು ಬೇಡ. ಸಾಸಿವೆ ಹಾಗೆ ಬೆರಳಿಗೆ ಒತ್ತಿದರೆ ಮೋಟರ್ ಚಾಲೂ. ಯಾವ ಮೀಟರೂ ಬೇಕಾಗಿಲ್ಲ.

ಮೆಣಸಿನಕಾಯಿ, ಟೊಮೆಟೊ ಸಸಿ ಕಿತ್ತು ನೆಡುವವರು ನುಣ್ಣನೆ ಪುಡಿ ತಂದು, ನೀರಲ್ಲಿ ತೆಳು ಗಂಜಿಯಂತೆ ಮಾಡಿ ಬೇರು ಅದ್ದಿ ನೆಟ್ಟರೆ ಸಾಕು. ಅಂಗಳದಲ್ಲಿ ಹರಳು ಚೆಲ್ಲಿದರೆ ಒಣ ಕಸಬರಿಗೆಯಿಂದಲೇ ಗುಡಿಸಿ. ನೀರು ಹಾಕಿ ತೊಳೆಯಲು ಹೋಗಿ ನಮ್ಮ ಅತ್ತೆ ಇನ್ನೇನು ಜಾರಿ ಬೀಳುವವರಿದ್ದರು. ಲೋಳೆ ಆಗಿಬಿಟ್ಟಿದ್ದರೆ ಮೇಲೆ ಹಿಡಿ ಉಪ್ಪು ಉದುರಿಸಿ, ನೀರು ಬಿಟ್ಟು ಕುಗ್ಗುತ್ತದೆ, ಆಮೇಲೆ ಬಳಿದು ತೆಗೆಯಿರಿ.

ಇದು ಪ್ಲಾಸ್ಟಿಕ್ ಅಲ್ವಾ, ಮಣ್ಣಿನಲ್ಲಿ ಉಳಿಯುವುದಿಲ್ವಾ ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಬರೀ ಅಕ್ರಿಲೇಟ್ ಎಳೆಯ ಬೆನ್ನೆಲುಬು ಇಂಗಾಲ ಇಂಗಾಲದ ಸರಪಳಿ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಅದು ಬೇಗ ಜೀರ್ಣವಾಗುವುದಿಲ್ಲ. ಹಾಗಾಗಿಯೇ ಈಗಿನ ಸಂಶೋಧನೆ ಸೆಲ್ಯುಲೋಸ್, ಪಿಷ್ಟ, ಸಿಗಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನ್, ಕಟ್ಟಿಗೆಯಲ್ಲಿರುವ ಲಿಗ್ನಿನ್ ಕಡೆ ಹೊರಳಿದೆ. ಒಂದು ಲೆಕ್ಕದಲ್ಲಿ ಇದು ಹಳೇ ದಾರಿಗೆ ಮರಳಿದ್ದು. 1970ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ಪಿಯೋರಿಯಾ ಪ್ರಯೋಗಾಲಯದವರು ‘ಸೂಪರ್ ಸ್ಲರ್ಪರ್’ ಎಂಬ ನೀರು ಹೀರುವ ವಸ್ತು ಮಾಡಿದ್ದು ಗೋವಿನಜೋಳದ ಪಿಷ್ಟಕ್ಕೆ ಇನ್ನೊಂದು ಪಾಲಿಮರ್ ಕಸಿ ಕಟ್ಟಿ. 2020ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದವರು ರಾತ್ರಿ ಗಾಳಿಯ ತೇವ ಹೀರಿ ಹಗಲಿನ ಬಿಸಿಗೆ ನೀರು ಬಿಡುವ ಜೆಲ್ಲನ್ನು ಮಣ್ಣಿಗೆ ಸೇರಿಸಿ ಮೂಲಂಗಿ ಬೆಳೆದು ನೋಡಿದರು. ನಮ್ಮ ಏಪ್ರಿಲ್ ಗಾಳಿಯಲ್ಲಿ ಹೀರಲು ತೇವ ಎಲ್ಲಿದೆ ಅನ್ನುವುದು ಬೇರೆ ಮಾತು. ನನಗೆ ಆಸೆ ಹುಟ್ಟಿಸಿದ್ದು ರಾಜಸ್ಥಾನದ ರೈತರ ಮನೆಯ ಹುಡುಗ ನಾರಾಯಣ್ ಲಾಲ್ ಗುರ್ಜರ್ ಕಟ್ಟಿದ ಇಎಫ್ ಪಾಲಿಮರ್. ಜಪಾನಿನ ಒಕಿನಾವಾದಲ್ಲಿರುವ ಆ ಕಂಪನಿ ಕಿತ್ತಳೆ ಸಿಪ್ಪೆಯಂಥ ಕಸದಿಂದ ಹರಳು ಮಾಡುತ್ತದೆ. ಕಿತ್ತಳೆ ಸಿಪ್ಪೆಯಲ್ಲಿರುವ, ಲೋಳೆ ಕಟ್ಟುವ ಪೆಕ್ಟಿನ್ ಲಿಂಬೆ ಸಿಪ್ಪೆಯಲ್ಲೂ ಇದೆ. ಇಂಡಿಯಲ್ಲಿ ಲಿಂಬೆ ರೇಟು ಬಿದ್ದಾಗ ತಿಪ್ಪೆಗೆ ಹೋಗುವ ಹಣ್ಣಿನ ರಾಶಿ ನೋಡಿದಾಗೆಲ್ಲ ಇದೇ ನೆನಪಾಗುತ್ತದೆ.

ಕೊನೆಗೆ ಕಾಯಿ ಬಿಡುವ ದೊಡ್ಡ ಗಿಡಗಳ ವಿಷಯ. ಹಾರೆಯಿಂದ ಸುತ್ತ ಕಿಂಡಿ ಹೊಡೆದು ಹರಳು ಹಾಕಬಹುದು ಅಂತಾರೆ. ನಾನೂ ಹಾಕೋಣ ಅಂದೆ. ಮಾವನವರು ಒಪ್ಪಲಿಲ್ಲ. ಬೇಸಿಗೆಗೆ ಕಾಯಿ ಬೇಕಾದರೆ ನಾವು ಗಿಡಕ್ಕೆ ನೀರು ನಿಲ್ಲಿಸಿ, ಎಲೆ ಬಾಡಿಸಿ, ಆಮೇಲೆ ನೀರು ಕೊಟ್ಟು ಹೂ ತರಿಸುತ್ತೇವೆ. “ನಿನ್ನ ಸಾಬೂದಾಣಿ ಒಳಗ ಕುಂತು ನೀರು ಕುಡಿಸಿದ್ರ ಗಿಡ ಬಾಡೂದು ಯಾವಾಗ, ಹೂ ಬರೂದು ಯಾವಾಗ?” ಅಂದರು. ಓದಿದ ನನಗೆ ಇದು ಹೊಳೆದಿರಲಿಲ್ಲ. ಹಾಗಾಗಿ ಈಗ ಹೊಸ ಸಸಿಗೆ ಮಾತ್ರ, ಅದೂ ಮಡ್ಡಿಯಲ್ಲಿ ಮಾತ್ರ. ಲಿಂಬೆ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ನಮ್ಮ ಗಡಸು ನೀರಿನಲ್ಲಿ ಅಷ್ಟರೊಳಗೆ ಹರಳಿನ ಶಕ್ತಿ ಮುಗಿದಿರುತ್ತದೆ, ಗಿಡ ಬಾಡಿಸಲು ಮಾವನವರಿಗೆ ಅಡ್ಡಿ ಇರುವುದಿಲ್ಲ.