ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವುದು ಹೇಗೆ?

ಬಾಗಲಕೋಟೆಯಲ್ಲಿ ನಮ್ಮ ಕಾಕಾನಿಗೆ ಲಕ್ವಾ ಹೊಡೆದಾಗ ಮನೆಮಂದಿ ಸೇವೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಹೊತ್ತಿಗೆ ಸರಿಯಾಗಿ ಗಂಜಿ, ಗುಳಿಗೆ, ದಿನಾ ಒಗೆದ ಹಾಸು. ಆದರೂ ಹದಿನೈದೇ ದಿನಕ್ಕೆ ಟೊಂಕದ ಕೆಳಗೆ ರೂಪಾಯಿ ನಾಣ್ಯದಷ್ಟು ಹುಣ್ಣಾಯಿತು. ಮಾಯಲು ನಾಲ್ಕು ತಿಂಗಳು ಬೇಕಾಯಿತು. ಸರಿಯಾಗಿ ಮಗ್ಗುಲು ಬದಲಿಸದ ಇದೇ ತಪ್ಪನ್ನು ಆಮೇಲೆ ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಮೊದಲು ಹಾಸಿಗೆ. ಹಗ್ಗದ ಹೊರಸು ಬೇಡ, ನಡುವೆ ತಗ್ಗು ಬೀಳುತ್ತದೆ. ಗಟ್ಟಿ ಮಂಚದ ಮೇಲೆ ದಪ್ಪ ಫೋಮ್ ಗಾದಿ ಹಾಕಿ. ಕೌದಿಯನ್ನು ಮೈ ಕೆಳಗೆ ಹಾಸಬೇಡಿ, ಹೊಲಿಗೆಯ ಗೆರೆಗಳು ಚರ್ಮಕ್ಕೆ ಒತ್ತುತ್ತವೆ. ಅದನ್ನೇ ಸುರುಳಿ ಸುತ್ತಿ ಬೆನ್ನಿಗೆ ಆನಿಸಿ. ದಿಂಬಿಗಿಂತ ನನಗೆ ಅದೇ ಜಾಸ್ತಿ ಹಿಡಿಸುತ್ತದೆ, ಜಾರುವುದಿಲ್ಲ.

ಎರಡನೆಯದು, ಹಳೆಯ ಧೋತರ ಮಡಚಿ ಭುಜದಿಂದ ತೊಡೆಯವರೆಗೆ ಮೈ ಕೆಳಗೆ ಹಾಸಿಡಿ.

ಇನ್ನು ಮಗ್ಗುಲು. ಎಲ್ಲರೂ ಎಡವುವುದು ಇಲ್ಲೇ. ಕಂಕುಳಿಗೆ ಕೈ ಹಾಕಿ ಎಳೆಯುತ್ತಾರೆ. ಎಳೆದಾಗ ಚರ್ಮ ಹಾಸಿಗೆಗೆ ತಿಕ್ಕಿ ಒಳಗೇ ಹರಿಯುತ್ತದೆ. ಲಕ್ವಾ ಹೊಡೆದ ಕೈಯನ್ನಂತೂ ಎಳೆಯಲೇಬಾರದು, ಭುಜದ ಕೀಲು ಸಡಿಲಾಗಿರುತ್ತದೆ. ಬಲಮಗ್ಗುಲಿಗೆ ಹೊರಳಿಸುವುದಾದರೆ ಮೊದಲು ಇಬ್ಬರು ಆಚೆ ಈಚೆ ನಿಂತು ಧೋತರದ ಅಂಚು ಹಿಡಿದು, ಮೈಯನ್ನು ತುಸು ಎತ್ತಿ ಅವರ ಎಡಬದಿಗೆ ಸರಿಸಿ. ಆಮೇಲೆ ಎಡಗಾಲನ್ನು ಬಲಗಾಲ ಮೇಲೆ ತನ್ನಿ, ಎಡಗೈ ಎದೆಯ ಮೇಲಿಡಿ. ಬಲಬದಿಗೆ ನಿಂತು ಒಂದು ಕೈ ಎಡಭುಜದ ಹಿಂದೆ, ಇನ್ನೊಂದು ಟೊಂಕದ ಹಿಂದೆ ಇಟ್ಟು ನಿಮ್ಮ ಕಡೆಗೆ ಮೆಲ್ಲಗೆ ಹೊರಳಿಸಿ. ಪೂರ್ತಿ ಮಗ್ಗುಲು ಬೇಡ. 30 ಡಿಗ್ರಿಯಷ್ಟು ವಾಲಿದರೆ ಸಾಕು, ಇಲ್ಲದಿದ್ದರೆ ಟೊಂಕದ ಪಕ್ಕದ ಎಲುಬಿನ ಮೇಲೆ ಭಾರ ಬೀಳುತ್ತದೆ. ಬೆನ್ನಿಗೆ ಕೌದಿ ಸುರುಳಿ, ಮೊಣಕಾಲುಗಳ ನಡುವೆ ದಿಂಬು, ಮೀನಖಂಡದ ಕೆಳಗೆ ಇನ್ನೊಂದು ದಿಂಬು. ಹಿಮ್ಮಡಿ ಹಾಸಿಗೆಗೆ ತಾಗಬಾರದು. ಕೆಳಗಿನ ಭುಜ ಮೈಯಡಿ ಸಿಕ್ಕಿದ್ದರೆ ಮೆಲ್ಲಗೆ ಮುಂದಕ್ಕೆ ತನ್ನಿ.

ಎರಡು ತಾಸಿಗೊಮ್ಮೆ ಇದನ್ನು ಮಾಡಿ. ಗೋಡೆಗೆ ಒಂದು ಹಾಳೆ ಅಂಟಿಸಿ ಹೊತ್ತು, ಮಗ್ಗುಲು ಬರೆಯಿರಿ, ನೆನಪಿನ ಮೇಲೆ ಬಿಡಬೇಡಿ. ಗಾಳಿ ಹಾಸಿಗೆ ತಂದೆವು, ಇನ್ನು ಹೊರಳಿಸುವುದು ಬೇಡ ಅನ್ನುತ್ತಾರೆ. ಅದು ಒತ್ತಡ ಕಡಿಮೆ ಮಾಡುತ್ತದೆ, ಹೊರಳಿಸುವುದನ್ನು ತಪ್ಪಿಸುವುದಿಲ್ಲ. ಕೂರಿಸಲು ಮಾರುವ ರಬ್ಬರ್ ರಿಂಗ್ ಅಂತೂ ತರಲೇಬೇಡಿ, ಅದರ ಅಂಚು ಒತ್ತಿ ಸುತ್ತಲಿನ ರಕ್ತ ಸಂಚಾರ ಕಡಿಮೆಯಾಗುತ್ತದೆ.

ಪ್ರತಿ ಸಲ ಹೊರಳಿಸಿದಾಗ ಬೆನ್ನು, ಟೊಂಕ, ಹಿಮ್ಮಡಿ ನೋಡಿ. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಡಿ. ಬಿಳುಚಿ ಮತ್ತೆ ಕೆಂಪಾದರೆ ಸದ್ಯಕ್ಕೆ ಪರವಾಗಿಲ್ಲ. ಬಿಳುಚದಿದ್ದರೆ ಹುಣ್ಣಿನ ಶುರು, ಆ ಜಾಗದ ಮೇಲೆ ಮತ್ತೆ ಮಲಗಿಸಬೇಡಿ. ನಮ್ಮಂಥ ಕಪ್ಪು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ, ಕೈಯಿಂದ ಮುಟ್ಟಿ. ಹುಣ್ಣು ಶುರುವಾದ ಜಾಗ ಬಿಸಿಯಾಗಿ, ಗಡುಸಾಗಿ ತಾಗಬಹುದು. ಅಲ್ಲಿ ತಿಕ್ಕಬೇಡಿ, ಸ್ಪಿರಿಟ್ ಹಚ್ಚಬೇಡಿ. ಪೌಡರ್ ಬೆವರಿಗೆ ಗಂಟುಗಟ್ಟಿ ಚುಚ್ಚುತ್ತದೆ. ನಮ್ಮ ಕಡೆಯ ಬೇಸಿಗೆಗೆ ರೆಕ್ಸಿನ್ ಹಾಳೆಯ ಮೇಲೆ ಹತ್ತಿ ಬಟ್ಟೆ ಬೇಕೇ ಬೇಕು.

ಊಟ ಮಾಡಿಸುವಾಗ ನೆಟ್ಟಗೆ ಕೂರಿಸಿ, ಊಟದ ಮೇಲೂ ಅರ್ಧ ತಾಸು ಹಾಗೇ ಇರಲಿ.

ಚರ್ಮ ಒಡೆದರೆ, ನೀರು ಒಸರಿದರೆ ಮನೆಮದ್ದು ಮಾಡದೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ, ಇಲ್ಲವೇ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ಕೇಳಿ. ವಯಸ್ಸಾದವರ ಬೇರೆ ತೊಂದರೆಗಳಿಗೆ ಹಿರಿಯರ ಸಹಾಯವಾಣಿ 14567 ಇದೆ.

ಇನ್ನೊಂದು ಮಾತು. ಆರೈಕೆ ಸಾಮಾನ್ಯವಾಗಿ ಮನೆಯ ಒಬ್ಬಳೇ ಹೆಂಗಸಿನ ಪಾಲಿಗೆ ಬರುತ್ತದೆ, ಅಲ್ವಾ? ರಾತ್ರಿಯ ಮಗ್ಗುಲಿಗೆ ಮಗನ ಹೆಸರನ್ನೂ ಆ ಗೋಡೆಯ ಹಾಳೆಯಲ್ಲಿ ಬರೆಯಿರಿ.