ಊಸರವಳ್ಳಿ ಹಗಲಲ್ಲಿ ಕಣ್ಣು ಮುಚ್ಚಿದರೆ

ನಾನು ಊಸರವಳ್ಳಿ ಸಾಕಿದ್ದೇನೆ ಎಂದರೆ ಎಲ್ಲರೂ ಮೊದಲು ಕೇಳುವುದು ಬಣ್ಣದ ವಿಚಾರವನ್ನೇ. ಕಾಯಿಲೆ ಪತ್ತೆ ಹಚ್ಚುವುದಕ್ಕೆ ಮಾತ್ರ ಬಣ್ಣವನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ. ಬೆಳಗ್ಗೆ ಮೈ ಕಾಯಿಸಿಕೊಳ್ಳುವಾಗ ಅದು ಕಪ್ಪಾಗುತ್ತದೆ, ರಾತ್ರಿ ನಿದ್ದೆಯಲ್ಲಿ ಬಿಳಿಚಿಕೊಳ್ಳುತ್ತದೆ, ಗಾಜಿನಲ್ಲಿ ತನ್ನದೇ ಬಿಂಬ ಕಂಡರೆ ಸಿಟ್ಟಿನಿಂದ ಪಟ್ಟೆಗಳನ್ನು ಗಾಢ ಮಾಡಿಕೊಳ್ಳುತ್ತದೆ. ಇದೆಲ್ಲ ಆರೋಗ್ಯವಂತ ಪ್ರಾಣಿಯ ದಿನಚರಿ. ದಿನವಿಡೀ ಮಂಕಾಗಿಯೇ ಉಳಿದರೆ ಚಿಂತಿಸಬೇಕು, ನಿಜ. ಆದರೆ ಅಷ್ಟು ಹೊತ್ತಿಗೆ ಕಾಯಿಲೆ ಬೇರೂರಿರುವುದೇ ಹೆಚ್ಚು. ಬೇಟೆಗಾರ ಪ್ರಾಣಿಗಳ ಬಾಯಿಗೆ ಸಿಗಬಾರದೆಂದು ನಿತ್ರಾಣವನ್ನು ಕೊನೆಯವರೆಗೂ ಮುಚ್ಚಿಡುವ ಜೀವ ಅದು.

ನಾನು ನೋಡುವುದು ಕಣ್ಣನ್ನು. ಎಚ್ಚರವಾಗಿರುವ ಊಸರವಳ್ಳಿಯ ಎರಡು ಕಣ್ಣುಗಳೂ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಸುತ್ತುತ್ತಿರುತ್ತವೆ. ನೀರು ಸಿಂಪಡಿಸಿದಾಗ ಅದು ಕಣ್ಣನ್ನು ಉಬ್ಬಿಸಿ, ರೆಪ್ಪೆಯೊಳಗೇ ಹೊರಳಿಸಿ ತೊಳೆದುಕೊಳ್ಳುವುದುಂಟು, ಅದಕ್ಕೆ ಹೆದರಬೇಕಿಲ್ಲ. ಹಗಲು ಹೊತ್ತಿನಲ್ಲಿ ಕೊಂಬೆಯ ಮೇಲೆ ಕಣ್ಣು ಮುಚ್ಚಿ ಕುಳಿತರೆ ಮಾತ್ರ ಅದನ್ನು ನಿದ್ದೆ ಎಂದುಕೊಳ್ಳುವಂತಿಲ್ಲ, ಏನೋ ಕೆಟ್ಟಿದೆ ಎಂದೇ ಅರ್ಥ. ಕಣ್ಣು ಒಳಕ್ಕೆ ಕುಸಿದಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿರಬಹುದು. ರೆಪ್ಪೆ ಊದಿದ್ದರೆ ಸೋಂಕು ಅಥವಾ ‘ಎ’ ಜೀವಸತ್ವದ ಕೊರತೆ ಇರಬಹುದು.

ಹಿಕ್ಕೆಯೂ ಬಹಳ ಹೇಳುತ್ತದೆ. ಅದರ ಜೊತೆ ಬೀಳುವ ಯೂರಿಕ್ ಆಮ್ಲದ ಗಟ್ಟಿ ಭಾಗ ಬೆಳ್ಳಗಿರಬೇಕು. ಅದು ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ನೀರು ಸಾಲುತ್ತಿಲ್ಲ. ಬಟ್ಟಲಿನಲ್ಲಿ ನೀರಿಟ್ಟು ಪ್ರಯೋಜನವಿಲ್ಲ. ಎಲೆಯ ಮೇಲಿನ ಹನಿ ಮಿನುಗಿದರೆ ಮಾತ್ರ ಅದಕ್ಕೆ ನೀರೆಂದು ತಿಳಿಯುವುದು. ಇನ್ನು ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಕೊಂಬೆ ನಿಲ್ಲಿಸಿ, ತಕ್ಕಡಿಯನ್ನು ಸೊನ್ನೆಗೆ ತಂದು, ಪ್ರಾಣಿಯನ್ನು ಅದರ ಮೇಲೆ ಹತ್ತಿಸುತ್ತೇನೆ. ವಾರಕ್ಕೊಮ್ಮೆ ಬರೆದಿಟ್ಟ ಗ್ರಾಂಗಳ ಪಟ್ಟಿ ನನ್ನ ಕಣ್ಣಂದಾಜಿಗಿಂತ ಎಷ್ಟೋ ಪಾಲು ಮೇಲು.

ನಮ್ಮ ಮನೆಯ ಗಂಡು ಯೆಮನ್ ಮತ್ತು ಸೌದಿ ಅರೇಬಿಯಾ ಮೂಲದ, ತಲೆಯ ಮೇಲೆ ಎತ್ತರದ ಶಿಖೆಯಿರುವ ಜಾತಿಯದು. ಒಮ್ಮೆ ಮಂಜು ಹಾಯಿಸುವ ಯಂತ್ರದ ಟೈಮರ್ ಕೆಟ್ಟು, ರಾತ್ರಿ ಮಾತ್ರ ಇರಬೇಕಾದ ತೇವ ಹಗಲೂ ಆರದೆ ಉಳಿಯಿತು. ಕೆಲವು ದಿನಗಳಲ್ಲೇ ಅದು ಮೂಗನ್ನು ಮೇಲಕ್ಕೆತ್ತಿ ಕೂರತೊಡಗಿತು. ಬಾಯಿ ತೆರೆದಿದ್ದನ್ನು ಕಂಡು ಮೊದಲು ತಾಪಮಾನ ನೋಡಿದೆ, ಏಕೆಂದರೆ ದೀಪದಡಿ ಸೆಖೆ ಹೆಚ್ಚಾದರೂ ಅವು ಬಾಯಿ ತೆರೆಯುತ್ತವೆ. ಅಲ್ಲಿ 29 ಡಿಗ್ರಿ ಇತ್ತು, ಅದು ಹೆಚ್ಚಲ್ಲ. ದೀಪದಿಂದ ದೂರ, ನೆರಳಿನ ಕೊಂಬೆಗೆ ಹೋದ ಮೇಲೂ ಬಾಯಿ ಮುಚ್ಚಲಿಲ್ಲ. ಕಿವಿ ಹತ್ತಿರ ತಂದಾಗ ಉಸಿರಿನೊಂದಿಗೆ ಸಣ್ಣಗೆ ಟಿಕ್ ಟಿಕ್ ಎನ್ನುವ ಸದ್ದು. ತುಟಿಯ ಮೂಲೆಯಲ್ಲಿ ಅಂಟಂಟು ಲೋಳೆಯ ಒಂದು ಎಳೆ. ಉಸಿರಾಟದ ಸೋಂಕು ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಯಂತ್ರ ನಿಲ್ಲಿಸಿ ಗೂಡಿಗೆ ಗಾಳಿಯಾಡುವಂತೆ ಮಾಡಿ, ರಾತ್ರಿ ಕೋಣೆ ತೀರಾ ತಣ್ಣಗಾಗದಂತೆ ನೋಡಿಕೊಂಡೆ. ಗೂಡು ಸರಿಪಡಿಸಿದರೆ ಇನ್ನಷ್ಟು ಹದಗೆಡುವುದು ತಪ್ಪುತ್ತದೆಯೇ ಹೊರತು ಬ್ಯಾಕ್ಟೀರಿಯಾ ಸಾಯುವುದಿಲ್ಲ. ಹಾಗಾಗಿ ಸರೀಸೃಪಗಳನ್ನು ನೋಡುವ ಪಶುವೈದ್ಯರನ್ನೇ ಹುಡುಕಿದೆ. ನಾಯಿ, ಬೆಕ್ಕುಗಳನ್ನಷ್ಟೇ ನೋಡಿ ಅಭ್ಯಾಸವಿದ್ದವರು ಇದಕ್ಕೆ ಸಾಲುವುದಿಲ್ಲ. ಕೊಂಬೆ ಸಿಕ್ಕಿಸಿದ ಕತ್ತಲ ಪೆಟ್ಟಿಗೆಯಲ್ಲಿ ಅದನ್ನು ಒಯ್ದೆ. ಜೊತೆಗೆ ತಾಜಾ ಹಿಕ್ಕೆ, ಉಸಿರಾಟದ ವಿಡಿಯೊ, ಗೂಡಿನ ಫೋಟೊ, ತೂಕದ ಪಟ್ಟಿ, ಆಹಾರದ ಹುಳುಗಳಿಗೆ ಹಚ್ಚುವ ಕ್ಯಾಲ್ಸಿಯಂ, ಜೀವಸತ್ವದ ಪುಡಿಗಳಲ್ಲಿ ಯಾವುದು ಎಷ್ಟು ದಿನಕ್ಕೊಮ್ಮೆ ಎಂಬ ಚೀಟಿ. ವೈದ್ಯರು ಪ್ರಾಣಿಗಿಂತ ಹೆಚ್ಚು ಹೊತ್ತು ಆ ಫೋಟೊಗಳನ್ನೇ ನೋಡಿದರು, ಅದು ನನಗೆ ಹಿಡಿಸಿತು. ಎಕ್ಸ್‌ರೇ ತೆಗೆದು, ಬಾಯಿಯ ಲೋಳೆಯನ್ನು ಪರೀಕ್ಷೆಗೆ ಕಳುಹಿಸಿ, ಆ್ಯಂಟಿಬಯೋಟಿಕ್ ಚುಚ್ಚುಮದ್ದು ಶುರು ಮಾಡಿದರು. ಚುಚ್ಚಿದ್ದು ಮುಂಗಾಲಿನ ಮೇಲ್ಭಾಗಕ್ಕೆ. ಸರೀಸೃಪಗಳ ಹಿಂಭಾಗದ ರಕ್ತ ಮೂತ್ರಪಿಂಡದ ಮೂಲಕ ಹಾದುಹೋಗಬಹುದಾದ್ದರಿಂದ ಔಷಧಿಯನ್ನು ಮುಂಭಾಗಕ್ಕೇ ಕೊಡುವುದು ವಾಡಿಕೆ.

ಆ ದಿನಗಳಲ್ಲಿ ಅದು ತಿನ್ನಲಿಲ್ಲ. ಬಾಯಿ ಬಿಡಿಸಿ ಹುಳು ತುರುಕೋಣ ಎನ್ನಿಸುತ್ತದೆ, ಆದರೆ ಹಾಗೆ ಮಾಡಬಾರದು. ನೀರು ಬತ್ತಿದ ಮೈಗೆ ಮೊದಲು ನೀರು, ಆಮೇಲೆ ಆಹಾರ. ಕ್ಯಾಲ್ಸಿಯಂ ಕೊರತೆಯಿರುವ ಪ್ರಾಣಿಯ ದವಡೆ ಮೆತ್ತಗಿರುತ್ತದೆ, ಒತ್ತಿದರೆ ಮುರಿದೇ ಹೋಗಬಹುದು. ಲೋಳೆ ನಿಂತ ಮೇಲೂ ಚುಚ್ಚುಮದ್ದನ್ನು ವೈದ್ಯರು ಹೇಳಿದ ಕೊನೆಯವರೆಗೂ ಹಾಕಿಸಿದೆ.

ಅಂದಹಾಗೆ ಕ್ಯಾಲ್ಸಿಯಂ ಕೊರತೆಯ ಮೊದಲ ಸುಳಿವು ಸಿಗುವುದು ಊಟದ ಹೊತ್ತಿನಲ್ಲಿ: ನಾಲಿಗೆ ಹುಳುವಿನವರೆಗೆ ತಲುಪುವುದಿಲ್ಲ, ಕಾಲಿನ ಹಿಡಿತ ಸಡಿಲವಾಗುತ್ತದೆ. ಮುಂಗಾಲು ಬಿಲ್ಲಿನಂತೆ ಬಾಗುವುದು ಆಮೇಲಿನ ಮಾತು. ಕ್ಯಾಲ್ಸಿಯಂ ಪುಡಿ ಎಷ್ಟು ಹಾಕಿದರೂ ಯುವಿಬಿ ಬೆಳಕಿಲ್ಲದೆ, ಅಂದರೆ ಬಿಸಿಲಿನಲ್ಲಿರುವಂಥ ಒಂದು ಬಗೆಯ ಅತಿನೇರಳೆ ಕಿರಣಗಳಿಲ್ಲದೆ, ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಮಾಮೂಲಿ ಕಿಟಕಿ ಗಾಜು ಆ ಕಿರಣಗಳನ್ನು ತಡೆಯುತ್ತದೆ. ಕಣ್ಣಿಗೆ ಚೆನ್ನಾಗಿ ಉರಿಯುತ್ತಿರುವಂತೆ ಕಾಣುವ ಹಳೆಯ ಯುವಿಬಿ ಟ್ಯೂಬ್‌ಲೈಟಿನಲ್ಲೂ ಆ ಕಿರಣಗಳು ಇಳಿದುಹೋಗಿರಬಹುದು. ಹಾಗಾಗಿ ಪ್ರತಿ ಟ್ಯೂಬಿನ ತುದಿಯಲ್ಲೂ ಅದನ್ನು ಹಾಕಿದ ತಾರೀಖನ್ನು ಮಾರ್ಕರ್‌ನಲ್ಲಿ ಬರೆದಿರುತ್ತೇನೆ.